ಉಡುಪಿಯಲ್ಲಿ 420 ರೂಪಾಯಿಗೆ ತಂದ ನೆನಪಿನ ಶಕ್ತಿಯ ಕ್ಯಾಪ್ಸೂಲ್: ಅಮ್ಮನ ಜೊತೆ ಏಳು ತಿಂಗಳ ಪರೀಕ್ಷೆ

ಪೂರ್ತಿ ಓದಲು ಪುರುಸೊತ್ತು ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಈ ಬ್ರಾಹ್ಮಿ ಕ್ಯಾಪ್ಸೂಲ್‌ಗೆ ನಾನು ಕೊಡುವುದು 5ಕ್ಕೆ 2. ಮೋಸ ಅಂತ ಹೇಳುವುದಿಲ್ಲ, ವಿಷ ಅಂತಲೂ ಹೇಳುವುದಿಲ್ಲ. ಆದರೆ ಬಾಟಲಿ ಮೇಲೆ ಬರೆದ "ನೆನಪಿನ ಶಕ್ತಿ ದುಪ್ಪಟ್ಟು" ಎನ್ನುವ ಮಾತು ನಮ್ಮ ಮನೆಯಲ್ಲಿ ನಿಜ ಆಗಲಿಲ್ಲ. ಇದನ್ನು ಅಂದಾಜಿನ ಮೇಲೆ ಹೇಳುತ್ತಿಲ್ಲ, ಏಳು ತಿಂಗಳು ವಾರ ವಾರ ನೋಟ್‌ಬುಕ್‌ನಲ್ಲಿ ಬರೆದಿಟ್ಟು ಹೇಳುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ಅದೇ ಕಪಾಟಿನಲ್ಲಿ ಅದೇ ತರದ ಹತ್ತಾರು ಬಾಟಲಿಗಳಿದ್ದವು, ಎಲ್ಲದರ ಮೇಲೂ ಹೆಚ್ಚುಕಡಿಮೆ ಅದೇ ಮಾತು.

ಅಮ್ಮನಿಗೆ ಈಗ 71. ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವಳು. ನೂರಾರು ಮಕ್ಕಳ ಹೆಸರು, ಅವರ ಅಪ್ಪಂದಿರ ಹೆಸರು, ಯಾರ ಮನೆಯಲ್ಲಿ ಎಷ್ಟು ದನ ಇತ್ತು ಎನ್ನುವುದೆಲ್ಲ ಬಾಯಲ್ಲೇ ಇಟ್ಟುಕೊಂಡಿದ್ದವಳು. ಹೋದದ್ದರ ಹಿಂದಿನ ದೀಪಾವಳಿ ಆದ ಮೇಲೆ ಏನೋ ಬದಲಾಗಿದೆ ಅಂತ ನನಗೆ ಅನಿಸತೊಡಗಿತು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಹಾಲಿನವರಿಗೆ ದುಡ್ಡು ಕೊಟ್ಟು, ಅವರು ಗೇಟು ದಾಟುವ ಮೊದಲೇ "ಕೊಟ್ಟೆನಾ?" ಎಂದು ಕೇಳುತ್ತಿದ್ದಳು. ಪಕ್ಕದ ಮನೆಯ ಹುಡುಗಿಯ ಮದುವೆ ಊಟ ಉಂಡು ಬಂದ ವಾರದಲ್ಲೇ ಅವಳಿಗೆ ಗಂಡು ಸಿಕ್ಕಿತಾ ಎಂದು ವಿಚಾರಿಸಿದಳು. ನಾನು ಉತ್ತರ ಕೊಟ್ಟಾಗ ಅವಳ ಮುಖ ನೋಡಬೇಕಿತ್ತು. ಅವತ್ತು ರಾತ್ರಿ ಪಾತ್ರೆ ತೊಳೆಯುತ್ತಾ, ನನ್ನ ಕಡೆ ತಿರುಗದೆ, "ನನ್ನ ತಲೆ ಖಾಲಿ ಆಗ್ತಾ ಉಂಟು ಮಗಾ" ಅಂದಳು.

ಇಂಥ ಮಾತು ಕೇಳಿದ ಮೇಲೆ ಯಾರಾದರೂ ಮೆಡಿಕಲ್‌ಗೆ ಓಡುತ್ತಾರೆ. ನಾನೂ ಓಡಿದೆ. ರಥಬೀದಿ ಕಡೆಯ ಒಂದು ಆಯುರ್ವೇದ ಅಂಗಡಿಯಲ್ಲಿ 60 ಕ್ಯಾಪ್ಸೂಲ್‌ನ ಬಾಟಲಿ, 420 ರೂಪಾಯಿ, ದಿನಕ್ಕೆ ಎರಡು. ಅಂಗಡಿಯವರು ಒಳ್ಳೆಯವರು, ಸಮಾಧಾನದಿಂದ ಮಾತಾಡಿದರು, "ಮೂರು ತಿಂಗಳು ಬಿಡದೆ ಕೊಡಿ ಅಕ್ಕ, ಆಮೇಲೆ ನೀವೇ ಹೇಳ್ತೀರಿ" ಎಂದರು.

ಆದರೆ ಬಾಟಲಿ ಬಿಚ್ಚುವ ಮೊದಲು ಡಾಕ್ಟರ್‌ಗೆ ತೋರಿಸಿದೆವು. ಈ ಬರಹದಿಂದ ಯಾರಾದರೂ ಒಂದೇ ವಿಷಯ ತೆಗೆದುಕೊಳ್ಳುವುದಾದರೆ ಇದನ್ನೇ ತೆಗೆದುಕೊಳ್ಳಿ. ಮಂಗಳೂರಿನ ಒಂದು ಆಸ್ಪತ್ರೆಯ ನ್ಯೂರಾಲಜಿ ಡಾಕ್ಟರ್. ಬೆಳಿಗ್ಗೆ ನಾನ್‌ಸ್ಟಾಪ್ ಬಸ್ಸಿನಲ್ಲಿ ಹೋಗಿ ಸಂಜೆ ಬಂದೆವು. ಮೋಕಾ ಅಂತ 30 ಅಂಕದ ಒಂದು ಪರೀಕ್ಷೆ ಉಂಟು, ಕನ್ನಡದಲ್ಲೂ ಸಿಗುತ್ತದೆ. ಗಡಿಯಾರದ ಚಿತ್ರ ಬರೆಸುತ್ತಾರೆ, ಐದು ಶಬ್ದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾರೆ. 26ಕ್ಕಿಂತ ಕಡಿಮೆ ಬಂದರೆ ಮುಂದೆ ನೋಡಬೇಕು ಅಂತ ಲೆಕ್ಕ. ಅಮ್ಮನಿಗೆ 23 ಬಂತು. ಗಡಿಯಾರ ಚಂದ ಬರೆದಿದ್ದಳು, ಟೀಚರ್ ಅಲ್ವಾ. ಶಬ್ದಗಳಲ್ಲಿ ಸೋತಳು. ಡಾಕ್ಟರ್ ಥೈರಾಯ್ಡ್ ಮತ್ತು ಬಿ12 ನೋಡಿಸಿದರು, ತಲೆಯ ಸ್ಕ್ಯಾನ್ ಮಾಡಿಸಿದರು. ಬಿ12 ತುಂಬಾ ಕಡಿಮೆ ಇತ್ತು. ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲದ ಅಡುಗೆ, ವಯಸ್ಸಾದ ಹೊಟ್ಟೆ, ಹಾಲು ಮೊಸರು ಕೂಡ ಕಡಿಮೆ ಮಾಡಿದ್ದಳು. ಬಿ12 ಕಡಿಮೆಯಾದರೂ ಥೈರಾಯ್ಡ್ ಕಡಿಮೆಯಾದರೂ ಮರೆವು ಬರುತ್ತದೆ, ಇವೆರಡನ್ನೂ ಸರಿ ಮಾಡಬಹುದು. ಅಷ್ಟು ಸಾದಾ ರಕ್ತಪರೀಕ್ಷೆ ಮಾಡಿಸದೆ ಸುಮ್ನೆ ಕ್ಯಾಪ್ಸೂಲ್ ನುಂಗಿಸುತ್ತಾ ಕೂತಿದ್ದರೆ ಎಷ್ಟು ತಿಂಗಳು ಹಾಳಾಗುತ್ತಿತ್ತು!

ಇಂಜೆಕ್ಷನ್, ಆಮೇಲೆ ಮಾತ್ರೆ. ಮೇ ತಿಂಗಳ ಹೊತ್ತಿಗೆ ಸುಸ್ತು ಹೋಯಿತು, ಕಾಲು ಜೋಮು ಹಿಡಿಯುವುದು ಹೋಯಿತು. ಮರೆವು ಸ್ವಲ್ಪ ಕಡಿಮೆ ಆಯಿತು, ಪೂರ್ತಿ ಹೋಗಲಿಲ್ಲ. ಡಾಕ್ಟರ್ ಇದಕ್ಕೆ ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್ ಅಂದರು. ವಯಸ್ಸಿಗೆ ಮೀರಿದ ಮರೆವು, ಆದರೆ ಡಿಮೆನ್ಶಿಯಾ ಅಲ್ಲ. ಅಡುಗೆ, ಬ್ಯಾಂಕು, ಸ್ನಾನ, ಪೂಜೆ ಎಲ್ಲ ಸ್ವಂತ ಮಾಡಿಕೊಳ್ಳುತ್ತಾಳಲ್ಲ, ಅದಕ್ಕೆ.

ಹಾಗಾದರೆ ಇದಕ್ಕೆ ಮಾತ್ರೆ ಇಲ್ಲವಾ ಎಂದು ನಾನು ಕೇಳಿದೆ. ಆಲ್ಜೈಮರ್‌ಗೆ ಡೊನೆಪೆಜಿಲ್ ಉಂಟು, ಅಮೆರಿಕದಲ್ಲಿ 1996ರಲ್ಲೇ ಅನುಮತಿ ಸಿಕ್ಕಿದ್ದು. ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಅಂತ ಒಂದು ರಾಸಾಯನಿಕ ಉಂಟು, ನೆನಪಿಗೆ ಬೇಕಾದದ್ದು. ಅದು ಬೇಗ ಒಡೆದುಹೋಗದ ಹಾಗೆ ಈ ಮಾತ್ರೆ ತಡೆಯುತ್ತದೆ. ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಅಮ್ಮನಂಥ ಸಣ್ಣ ಮಟ್ಟದ ಮರೆವಿನ 769 ಜನರ ಮೇಲೆ ಇದನ್ನು ಮೂರು ವರ್ಷ ಪರೀಕ್ಷೆ ಮಾಡಿ 2005ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಮೊದಲ ವರ್ಷ ಸ್ವಲ್ಪ ವ್ಯತ್ಯಾಸ ಕಂಡಿತು, ಮೂರು ವರ್ಷ ಮುಗಿಯುವಾಗ ಆಲ್ಜೈಮರ್‌ಗೆ ತಿರುಗಿದವರ ಲೆಕ್ಕದಲ್ಲಿ ವ್ಯತ್ಯಾಸ ಇರಲಿಲ್ಲ. ಹಾಗಾಗಿ ಡಾಕ್ಟರ್ ಕೊಡಲಿಲ್ಲ. ನಾನು ಬ್ಯಾಗಿನಿಂದ ಕ್ಯಾಪ್ಸೂಲ್ ಬಾಟಲಿ ತೆಗೆದು ತೋರಿಸಿದೆ. ಅವರು ಲೇಬಲ್ ಓದಿದರು, ಅಮ್ಮನ ನಾಡಿ ನೋಡಿದರು, ಬಿಪಿ ಮಾತ್ರೆ ಯಾವುದು ಎಂದು ಕೇಳಿದರು. ಬೇಕಿದ್ದರೆ ಕೊಡಿ, ಭೇದಿ ಆದರೆ ನಿಲ್ಲಿಸಿ, ಬಿಪಿ ಮಾತ್ರೆ ಮಾತ್ರ ತಪ್ಪಿಸಬೇಡಿ ಅಂದರು. ಬೈಯಲಿಲ್ಲ. ಆ ಒಂದು ಕಾರಣಕ್ಕೇ ನಾನು ಆ ಡಾಕ್ಟರ್ ಹತ್ತಿರ ಮತ್ತೆ ಹೋಗುತ್ತೇನೆ.

ಪರೀಕ್ಷೆಯ ಯೋಚನೆ ಬಂದದ್ದು ಅಕ್ಕನ ಮಗನಿಗೆ. ಅವನು ಮಂಗಳೂರಿನಲ್ಲಿ ಎಂ.ಫಾರ್ಮ ಓದುತ್ತಿದ್ದಾನೆ. ಅವರ ಲ್ಯಾಬಿನಲ್ಲಿ ಇದೇ ಕೆಲಸ, ನೆನಪಿಗೆ ಔಷಧ ಆಗಬಹುದಾದ ಗಿಡಮೂಲಿಕೆಗಳನ್ನು ಇಲಿಗಳ ಮೇಲೆ ಪರೀಕ್ಷೆ ಮಾಡುವುದು. ಒಂದು ಭಾನುವಾರ ಊಟಕ್ಕೆ ಬಂದವನು ಬಾಟಲಿ ನೋಡಿ, "ಚಿಕ್ಕಮ್ಮ, ಇದು ಕೆಲಸ ಮಾಡ್ತದಾ ಇಲ್ವಾ ಅಂತ ನಿಮಗೆ ಹೇಗೆ ಗೊತ್ತಾಗ್ತದೆ?" ಎಂದು ಕೇಳಿದ. ಅಮ್ಮ ಚುರುಕಾದರೆ ಗೊತ್ತಾಗ್ತದಲ್ಲ ಅಂದೆ. "ಬಿ12ರಿಂದ ಚುರುಕಾದ್ರೆ? ನೀವು ಜಾಸ್ತಿ ಮಾತಾಡಿಸ್ತಾ ಇದ್ದೀರಿ ಅಂತ ಚುರುಕಾದ್ರೆ? ಕ್ಯಾಪ್ಸೂಲ್ ತಗೊಂಡೆ ಅನ್ನೋ ಧೈರ್ಯಕ್ಕೆ ಚುರುಕಾದ್ರೆ?" ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಅವನು ಹೇಳಿದ ಇಲಿಯ ವಿಷಯ ಇಲ್ಲಿ ಸ್ವಲ್ಪ ಬರೆಯಲೇಬೇಕು, ಯಾಕೆಂದರೆ "ಸಂಶೋಧನೆಯಿಂದ ಸಾಬೀತಾಗಿದೆ" ಎಂದು ಬಾಟಲಿ ಮೇಲೆ ಇದ್ದರೆ ಎಷ್ಟೋ ಸಲ ಅದು ಈ ಇಲಿಯ ಕಥೆ. ಒಂದು ದೊಡ್ಡ ದುಂಡಗಿನ ತೊಟ್ಟಿ, ಅದರಲ್ಲಿ ನೀರು. ನೀರಿಗೆ ಹಾಲಿನ ಪುಡಿಯೋ ಬಿಳಿ ಬಣ್ಣವೋ ಹಾಕಿ ತಳ ಕಾಣದ ಹಾಗೆ ಮಾಡುತ್ತಾರೆ. ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಒಂದು ಪುಟ್ಟ ಕಟ್ಟೆ. ಇಲಿಯನ್ನು ನೀರಿಗೆ ಬಿಟ್ಟರೆ ಈಜುತ್ತಾ ಈಜುತ್ತಾ ಅಕಸ್ಮಾತ್ ಕಟ್ಟೆ ಕಾಲಿಗೆ ತಾಗುತ್ತದೆ, ಹತ್ತಿ ಕೂರುತ್ತದೆ. ಮಾರನೇ ದಿನ ಸ್ವಲ್ಪ ಬೇಗ ಸಿಗುತ್ತದೆ. ನಾಲ್ಕೈದು ದಿನದಲ್ಲಿ ಗೋಡೆಯ ಮೇಲಿನ ಗುರುತು ನೋಡಿಕೊಂಡು ಸೀದಾ ಹೋಗಿ ಹತ್ತುತ್ತದೆ. ಕೊನೆಯ ದಿನ ಕಟ್ಟೆಯನ್ನೇ ತೆಗೆದುಬಿಡುತ್ತಾರೆ. ಕಲಿತ ಇಲಿ ಆ ಜಾಗದಲ್ಲೇ ಸುತ್ತಿ ಸುತ್ತಿ ಹುಡುಕುತ್ತದೆ, ಮರೆತ ಇಲಿ ತೊಟ್ಟಿ ತುಂಬಾ ಅಲೆಯುತ್ತದೆ. 1980ರ ದಶಕದ ಶುರುವಿನಲ್ಲಿ ಸ್ಕಾಟ್ಲೆಂಡಿನಲ್ಲಿ ರಿಚರ್ಡ್ ಮಾರಿಸ್ ಅನ್ನುವವರು ಮಾಡಿದ ವಿಧಾನ ಇದು, ಈಗಲೂ ಲ್ಯಾಬುಗಳಲ್ಲಿ ಇದೇ ನಡೆಯುತ್ತದೆ. ಮರೆವು ಬರಿಸಲು ಸ್ಕೊಪೊಲಮಿನ್ ಅನ್ನುವ ಇಂಜೆಕ್ಷನ್ ಕೊಡುತ್ತಾರೆ, ಅದು ಆ ಅಸಿಟೈಲ್‌ಕೋಲಿನ್‌ನ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಒಂದು ಗುಂಪಿಗೆ ಗಿಡದ ಸತ್ವ, ಒಂದು ಗುಂಪಿಗೆ ಡೊನೆಪೆಜಿಲ್, ಒಂದು ಗುಂಪಿಗೆ ಬರೀ ನೀರು.

"ಇಲಿಯಲ್ಲಿ ತುಂಬಾ ಗಿಡಗಳು ಪಾಸಾಗ್ತವೆ ಚಿಕ್ಕಮ್ಮ. ಮನುಷ್ಯರ ಹತ್ತಿರ ಬಂದಾಗಲೇ ಕಷ್ಟ ಶುರು" ಅಂದ. ಇಂಜೆಕ್ಷನ್‌ನಿಂದ ಅರ್ಧ ಗಂಟೆಯಲ್ಲಿ ಬರಿಸಿದ ಮರೆವೇ ಬೇರೆ, ಹತ್ತಿಪ್ಪತ್ತು ವರ್ಷ ನಿಧಾನವಾಗಿ ನರಕೋಶ ಸಾಯುತ್ತಾ ಬರುವ ಮರೆವೇ ಬೇರೆ. 2002ರಿಂದ 2012ರವರೆಗೆ ಆಲ್ಜೈಮರ್‌ಗೆ ಅಂತ ಮನುಷ್ಯರ ಮೇಲೆ ಪರೀಕ್ಷೆಗೆ ಬಂದ ಔಷಧಗಳು 244, ಪರೀಕ್ಷೆಗಳು 413. ಕೊನೆಗೆ ಅನುಮತಿ ಸಿಕ್ಕಿದ್ದು ಒಂದೇ ಒಂದಕ್ಕೆ, ಮೆಮಾಂಟಿನ್. ಈ ಲೆಕ್ಕ ಕೇಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ದುಡ್ಡು, ಅಷ್ಟು ಜನ ಸೇರಿಯೂ ಆಗದ್ದನ್ನು 420 ರೂಪಾಯಿಯ ಬಾಟಲಿ ಎಷ್ಟು ಸಲೀಸಾಗಿ ಬರೆದುಕೊಂಡಿದೆ ಎಂದು ಹೊಟ್ಟೆ ಉರಿಯಿತು.

ಬ್ರಾಹ್ಮಿಯ ಬಗ್ಗೆ ಮನುಷ್ಯರ ಮೇಲಿನ ಪರೀಕ್ಷೆ ಇಲ್ಲವೇ ಇಲ್ಲ ಅಂತಲ್ಲ, ಅದನ್ನೂ ಹೇಳಬೇಕು. 2002ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪರೀಕ್ಷೆಯಲ್ಲಿ 40ರಿಂದ 65 ವರ್ಷದ 76 ಜನ ಇದ್ದರು. ಮೂರು ತಿಂಗಳು ಬ್ರಾಹ್ಮಿ ತೆಗೆದುಕೊಂಡವರಿಗೆ ಹೊಸದಾಗಿ ಕಲಿತದ್ದು ಮರೆತುಹೋಗುವುದು ಕಡಿಮೆ ಆಯಿತು, ಕಲಿಯುವ ವೇಗ ಮಾತ್ರ ಜಾಸ್ತಿ ಆಗಲಿಲ್ಲ. 2008ರಲ್ಲಿ ಅಮೆರಿಕದಲ್ಲಿ 65 ದಾಟಿದ 54 ಜನರಿಗೆ ದಿನಕ್ಕೆ 300 ಮಿಲಿಗ್ರಾಂ ಸತ್ವ 12 ವಾರ ಕೊಟ್ಟರು, ಶಬ್ದ ನೆನಪಿಡುವುದರಲ್ಲಿ ಸ್ವಲ್ಪ ಉಪಯೋಗ ಕಂಡಿತು. ಎರಡೂ ಸಣ್ಣ ಪರೀಕ್ಷೆಗಳು, ಇದ್ದವರೆಲ್ಲ ಡಿಮೆನ್ಶಿಯಾ ಇಲ್ಲದ ಆರೋಗ್ಯವಂತರು. ಮತ್ತೆ ಅವರಿಗೆ ಕೊಟ್ಟದ್ದು ಒಂದೇ ಹದದಲ್ಲಿ ತಯಾರಿಸಿದ ಸತ್ವ. ಇದರ ಆಧಾರದ ಮೇಲೆ "ಆಲ್ಜೈಮರ್‌ಗೆ ರಾಮಬಾಣ" ಎಂದು ಹೇಳಲು ಆಗುವುದಿಲ್ಲ. "ಪ್ರಯತ್ನಿಸಿ ನೋಡಬಹುದು" ಎಂದು ಹೇಳಲು ಆಗುತ್ತದೆ. ನಾವು ಮಾಡಿದ್ದೂ ಅದನ್ನೇ.

ಇನ್ನು ನಾವು ಮಾಡಿದ ರೀತಿ. ಅಮ್ಮನಿಗೆ ಎಲ್ಲ ಹೇಳಿದೆವು, ಮುಚ್ಚಿಡಲಿಲ್ಲ. ಒಂದು ಬಾಟಲಿಯಲ್ಲಿ ನಿಜವಾದ ಬ್ರಾಹ್ಮಿ, ಇನ್ನೊಂದರಲ್ಲಿ ಅಕ್ಕಿಹಿಟ್ಟು. ಯಾವುದು ಮೊದಲು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. 12 ವಾರ ಒಂದು, ನಡುವೆ ಬಿಡುವು, ಮತ್ತೆ 12 ವಾರ ಇನ್ನೊಂದು. ಅವಳು ಪೂರ್ತಿ ಕೇಳಿ "ಮಕ್ಕಳಿಗೆ ನಾನು ಎಷ್ಟು ಪರೀಕ್ಷೆ ಮಾಡಿದ್ದೇನೆ, ಈಗ ನನ್ನದು. ಮಾಡುವ" ಅಂದಳು.

ಅಕ್ಕನ ಮಗನಿಗೂ ಗೊತ್ತಾಗಬಾರದು ಅಂತ ಕ್ಯಾಪ್ಸೂಲ್ ತುಂಬಿದ್ದು ಅವನ ಒಬ್ಬ ಸ್ನೇಹಿತ. ಬಾಟಲಿಯಲ್ಲಿದ್ದ ಕ್ಯಾಪ್ಸೂಲ್‌ಗಳನ್ನೇ ಒಂದೊಂದಾಗಿ ಬಿಚ್ಚಿ, ಒಳಗಿನ ಪುಡಿಯನ್ನು ಹೊಸ ಬಿಳಿ ಖಾಲಿ ಕ್ಯಾಪ್ಸೂಲ್‌ಗೆ ತುಂಬಿದ. ಅಂಥದ್ದೇ ಇನ್ನೊಂದು ಕಂತೆಗೆ ಅಕ್ಕಿಹಿಟ್ಟು. 84 ದಿನ, ದಿನಕ್ಕೆ ಎರಡು, ಒಂದೊಂದು 168. ನಾನು ಒಂದು ಕ್ಯಾಪ್ಸೂಲ್ ಬಿಚ್ಚುವಾಗ ಹತ್ತಿರ ಇದ್ದೆ. ಒಳಗೆ ಒಣಗಿದ ಸಗಣಿಯಂಥ ಹಸಿರುಕಂದು ಪುಡಿ, ನಾಲಿಗೆಗೆ ಸಾಸಿವೆ ಕಾಳಿನಷ್ಟು ಇಟ್ಟರೂ ಗಂಟಲವರೆಗೆ ಕಹಿ. ಅದರ ಹಸಿ ಹುಲ್ಲಿನಂಥ ವಾಸನೆ ಬೆರಳಿನಿಂದ ಹೋಗಲು ಎರಡು ಸಲ ಸೋಪು ಬೇಕಾಯಿತು. ಅಮ್ಮನ ಮೂಗು ಚುರುಕು, ವಾಸನೆಯಲ್ಲೇ ಗುರುತು ಹಿಡಿಯುತ್ತಾಳೆ ಅಂತ ಆ ಹುಡುಗ ಅಕ್ಕಿಹಿಟ್ಟಿನ ಕ್ಯಾಪ್ಸೂಲ್‌ಗಳ ಡಬ್ಬಿಯೊಳಗೆ ಬ್ರಾಹ್ಮಿ ಪುಡಿ ಕಟ್ಟಿದ ಹತ್ತಿಯ ಉಂಡೆ ಒಂದು ವಾರ ಇಟ್ಟ. ಬಾಟಲಿಗಳಿಗೆ 1, 2 ಎಂದು ಚೀಟಿ. ಯಾವುದು ಏನು ಎಂದು ಬರೆದ ಲಕೋಟೆಯನ್ನು ಅಂಟಿಸಿ ಕೊಟ್ಟ. ಅದನ್ನು ದೇವರ ಕೋಣೆಯಲ್ಲಿ ಕೃಷ್ಣನ ಪಟದ ಹಿಂದೆ ಇಟ್ಟೆವು. ಅಲ್ಲಿಂದ ತೆಗೆದು ನೋಡುವ ಧೈರ್ಯ ಯಾರಿಗೂ ಬರುವುದಿಲ್ಲ.

ವಾರಕ್ಕೆ ಒಂದು ಪರೀಕ್ಷೆ, ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ, ಚಾವಡಿಯಲ್ಲಿ. ಅಕ್ಕನ ಮಗ ಹತ್ತು ಶಬ್ದ ನಿಧಾನಕ್ಕೆ ಓದುತ್ತಾನೆ. ದೋಣಿ, ನವಿಲು, ಚಾಪೆ, ಸೌತೆಕಾಯಿ, ಗಡಿಯಾರ, ಸರ, ದೀಪ, ಕಾಲು, ಕೊಡೆ, ಬೆಲ್ಲ. 20 ನಿಮಿಷ ಬಿಟ್ಟು ಎಷ್ಟು ನೆನಪಿದೆ ಎಂದು ಕೇಳುವುದು. ಪ್ರತಿ ವಾರ ಬೇರೆ ಪಟ್ಟಿ. ಅವನು ಬರದ ವಾರ ನಾನು ಓದುತ್ತಿದ್ದೆ. ಅಮ್ಮ ಹೇಳಿದ್ದನ್ನೆಲ್ಲ, ತಪ್ಪು ಶಬ್ದವನ್ನೂ ಸೇರಿಸಿ, ಹಾಗೇ ಬರೆದುಕೊಳ್ಳಬೇಕು ಅಂತ ಅವನ ಕಟ್ಟುನಿಟ್ಟು.

ಜೂನ್ ಮಧ್ಯದಲ್ಲಿ ಬಾಟಲಿ 1 ಶುರು. ಮೊದಲೆರಡು ವಾರ ಹತ್ತಕ್ಕೆ ಮೂರು, ನಾಲ್ಕು. ಮೂರನೇ ವಾರ ನೋಡಿದರೆ ಅಮ್ಮ ಕಣ್ಣು ಮುಚ್ಚಿ ಏನೋ ಗುನುಗುತ್ತಿದ್ದಾಳೆ. ಶಬ್ದಗಳನ್ನು ಕಥೆ ಮಾಡುತ್ತಿದ್ದಳು. ದೋಣಿಯಲ್ಲಿ ನವಿಲು ಬಂತು, ಚಾಪೆ ಹಾಸಿ ಕೂತಿತು, ಸೌತೆಕಾಯಿ ತಿಂದಿತು, ಹೀಗೆ. ಒಂದನೇ ಕ್ಲಾಸಿನ ಮಕ್ಕಳಿಗೆ ಇದೇ ತರ ಕಲಿಸುತ್ತಿದ್ದಳಂತೆ. ಅಂಕ ಐದಕ್ಕೆ ಏರಿತು, ಒಂದು ವಾರ ಆರು ಬಂತು. ನಮಗೆಲ್ಲ ಖುಷಿ. ಅಮ್ಮ ಚುರುಕಾಗಿದ್ದಾಳೆ, ನಿದ್ದೆ ಚೆನ್ನಾಗಿ ಬರ್ತಾ ಉಂಟು ಅಂತಾಳೆ, ಇದೇ ಬ್ರಾಹ್ಮಿ ಎಂದು ನಾನು ಖಂಡಿತ ಮಾಡಿಕೊಂಡೆ. ಆವತ್ತು ನನ್ನನ್ನು ಕೇಳಿದ್ದರೆ ಈ ಕ್ಯಾಪ್ಸೂಲ್‌ಗೆ 5ಕ್ಕೆ 5 ಕೊಟ್ಟು ಬರೆಯುತ್ತಿದ್ದೆ.

ಜುಲೈಯಲ್ಲಿ ಅಂಕ ಏರಿಳಿಯಲು ಶುರುವಾಯಿತು. ಆರು ಬಂದ ಮುಂದಿನ ವಾರ ಮೂರು. ಮತ್ತೆ ಐದು, ಮತ್ತೆ ಮೂರು. ಅಮ್ಮ ಮಂಕಾದಳು. ಹುಡುಗ ನೋಟ್‌ಬುಕ್ ಇಟ್ಟುಕೊಂಡು ತುಂಬಾ ಹೊತ್ತು ಕೂತ. ನಾನು ಅಂಚಿನಲ್ಲಿ ಸುಮ್ನೆ ಅಭ್ಯಾಸಕ್ಕೆ "ಮಳೆ" "ಹೊಳವು" ಎಂದು ಬರೆಯುತ್ತಿದ್ದೆ. ಮೂರು ಬಂದ ವಾರಗಳ ಎದುರು ಎಲ್ಲ ಕಡೆ "ಮಳೆ" ಇತ್ತು. ನಮ್ಮ ಚಾವಡಿಗೆ ಶೀಟಿನ ಮಾಡು. ಆಟಿಯ ಮಳೆ ಶೀಟಿಗೆ ಹೊಡೆಯುವ ಸದ್ದು ಈ ಊರಿನವರಿಗೆ ಹೇಳಬೇಕಾಗಿಲ್ಲ. ಆಮೇಲೆ ಅವನು ತಪ್ಪು ಶಬ್ದಗಳ ಮೇಲೆ ಬೆರಳಿಟ್ಟ. "ಸರ" ಎಂದು ಓದಿದ್ದಕ್ಕೆ ಅಮ್ಮ "ಮರ" ಎಂದಿದ್ದಳು. "ಕಾಲು" ಎಂದಿದ್ದಕ್ಕೆ "ಹಾಲು". "ತಾಳೆ"ಗೆ "ಬಾಳೆ".

"ಚಿಕ್ಕಮ್ಮ, ಅಮ್ಮಮ್ಮ ಮರೆತದ್ದಲ್ಲ. ಅವರಿಗೆ ಕೇಳಿಸಲೇ ಇಲ್ಲ."

ನಾನು ಆ ಪುಟ ನೋಡುತ್ತಾ ಕೂತೆ. ಸರ, ಮರ. ಕಾಲು, ಹಾಲು. ಮಗಳು ನಾನು, ದಿನಾ ಜೊತೆಗಿರುವವಳು, ನನಗೆ ಹೊಳೆಯಲಿಲ್ಲ. ಹಾಲಿನವರು ಗೇಟಿನ ಹತ್ತಿರ "ಸಿಕ್ಕಿತಮ್ಮ" ಎಂದದ್ದು ಅವಳಿಗೆ ಕೇಳಿಸದೆ ಮತ್ತೆ ಕೇಳುತ್ತಿದ್ದಳೇನೋ. ವಯಸ್ಸಾದ ಮೇಲೆ ಕಿವಿ ಮಂದ ಆಗುವುದು ಮೊದಲು ಸಣ್ಣ ತೀಕ್ಷ್ಣ ಸದ್ದುಗಳಲ್ಲಿ. ಸ, ತ, ಕ ತರದ ಅಕ್ಷರಗಳು ಜಾರಿಹೋಗುತ್ತವೆ, ಸ್ವರ ಮಾತ್ರ ಉಳಿಯುತ್ತದೆ. ಮಾತು ಕೇಳುತ್ತದೆ, ಶಬ್ದ ಯಾವುದು ಅಂತ ಗೊತ್ತಾಗುವುದಿಲ್ಲ. ಆ ಗುರುತು ಹಿಡಿಯುವುದರಲ್ಲೇ ತಲೆಗೆ ಸುಸ್ತಾದರೆ ನೆನಪಿಡಲು ಏನು ಉಳಿಯುತ್ತದೆ?

ಬಾಟಲಿ 1 ಮುಗಿದ ವಾರವೇ ಮಂಗಳೂರಿಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿದೆವು. ಇದು ಕ್ಯಾಪ್ಸೂಲ್‌ನ ವಿಮರ್ಶೆ ಆದರೂ ಆ ಕೇಂದ್ರದವರ ಬಗ್ಗೆ ನಾಲ್ಕು ಮಾತು ಹೇಳದೆ ಇರಲಾರೆ. ಆಡಿಯಾಲಜಿಸ್ಟ್ ಹುಡುಗಿ ಮುಕ್ಕಾಲು ಗಂಟೆ ಕೊಟ್ಟಳು. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸದ್ದು ಕೇಳಿದಾಗ ಗುಂಡಿ ಒತ್ತಿ ಅಂತ. ಗ್ರಾಫ್ ಅಮ್ಮನಿಗೇ ತೋರಿಸಿ ವಿವರಿಸಿದಳು, ನನ್ನ ಕಡೆ ತಿರುಗಿ ಮಾತಾಡಲಿಲ್ಲ. ಎರಡೂ ಕಿವಿಯಲ್ಲಿ ಮಧ್ಯಮ ಪ್ರಮಾಣದ ಕಿವುಡು. ದುಬಾರಿ ಮೆಷಿನ್ ಹಿಡಿದು ಒತ್ತಾಯ ಮಾಡಲಿಲ್ಲ, ಒಂದು ಕಿವಿಗೆ 28 ಸಾವಿರದ್ದು ಸಾಕು ಅಂದಳು, ಹತ್ತು ದಿನ ಹಾಕಿ ನೋಡಲು ಕೊಟ್ಟಳು. ಎರಡು ವಾರ ಬಿಟ್ಟು ಮತ್ತೆ ಕರೆದು ಸದ್ದಿನ ಹದ ಸರಿ ಮಾಡಿದಳು. 5ಕ್ಕೆ 5. ದುಡ್ಡಿನ ತೊಂದರೆ ಇರುವವರು ರಾಷ್ಟ್ರೀಯ ವಯೋಶ್ರೀ ಯೋಜನೆಯ ಬಗ್ಗೆ ವಿಚಾರಿಸಿ, ಬಡ ಹಿರಿಯರಿಗೆ ಅದರಲ್ಲಿ ಶ್ರವಣಯಂತ್ರ ಕೊಡುತ್ತಾರೆ.

ಶ್ರವಣಯಂತ್ರವನ್ನೂ ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿದ್ದಾರೆ. ಅಮೆರಿಕದ ಅಚೀವ್ ಅನ್ನುವ ಪರೀಕ್ಷೆ, 70ರಿಂದ 84 ವರ್ಷದ 977 ಜನ, ಮೂರು ವರ್ಷ, 2023ರಲ್ಲಿ ಪ್ರಕಟವಾಯಿತು. ಎಲ್ಲರನ್ನೂ ಒಟ್ಟಿಗೆ ನೋಡಿದರೆ ವ್ಯತ್ಯಾಸ ಕಾಣಲಿಲ್ಲ. ಆದರೆ ಮರೆವಿನ ಅಪಾಯ ಮೊದಲೇ ಜಾಸ್ತಿ ಇದ್ದ ಗುಂಪಿನಲ್ಲಿ, ಕಿವಿಗೆ ಚಿಕಿತ್ಸೆ ಪಡೆದವರ ಬುದ್ಧಿಶಕ್ತಿ ಕುಗ್ಗುವ ವೇಗ 48 ಶೇಕಡಾ ಕಡಿಮೆ ಇತ್ತು. ಇಲ್ಲೂ ಖಚಿತ ಭರವಸೆ ಇಲ್ಲ. ಆದರೆ ಕೇಳಿಸುವುದಂತೂ ಕೇಳಿಸುತ್ತದೆ, ಅದೇನು ಸಣ್ಣ ವಿಷಯವಾ?

ನಡುವಿನ ಬಿಡುವು ಐದು ವಾರ ಆಯಿತು. ಕ್ಯಾಪ್ಸೂಲ್ ಇಲ್ಲ, ಶ್ರವಣಯಂತ್ರ ಮಾತ್ರ. ಅಷ್ಟಮಿ ಹೊತ್ತಿಗೆ ಅಂಕ ಆರು, ಏಳು. ಮಳೆ ಬಂದರೂ ಆರು. ಅದಾದ ಮೇಲೆ ಬಾಟಲಿ 2. 12 ವಾರ ಆರು ಏಳರಲ್ಲೇ ನಿಂತಿತು, ಒಂದು ಸಲ ಮಾತ್ರ ಎಂಟು. ಹೊಟ್ಟೆ ಕೆಟ್ಟಿತು, ವಾರಕ್ಕೆ ಒಂದೆರಡು ದಿನ ಭೇದಿ. ಊಟದ ಮೇಲೆ ಕೊಟ್ಟ ನಂತರ ಕಡಿಮೆ ಆಯಿತು. ಯಾವುದು ಬ್ರಾಹ್ಮಿ ಎಂದು ಲಕೋಟೆ ತೆಗೆಯುವ ಮೊದಲು ಎಲ್ಲರೂ ಚೀಟಿಯಲ್ಲಿ ಬರೆಯಬೇಕು ಅಂತ ಹುಡುಗನ ನಿಯಮ. ನಾನು 1 ಎಂದು ಬರೆದೆ. ಅಕ್ಕ 1. ಅಮ್ಮನೂ 1, ಏಕೆಂದರೆ ಆಗಲೇ ಅವಳಿಗೆ ಮೂರರಿಂದ ಆರಕ್ಕೆ ಏರಿದ್ದು.

ಬಾಟಲಿ 1 ಅಕ್ಕಿಹಿಟ್ಟು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನನಗೆ ಬೇಜಾರಾಯಿತು, ಅಮ್ಮನಿಗೆ ಎಷ್ಟು ಬೇಜಾರಾಯಿತೋ ಎಂದು ಅವಳ ಮುಖ ನೋಡಿದೆ. ಅವಳು ನೋಟ್‌ಬುಕ್ ತನ್ನ ಕಡೆ ಎಳೆದುಕೊಂಡು ಬಾಟಲಿ 1ರ ಪುಟ ತೆರೆದಳು. "ಹಾಗಾದ್ರೆ ಈ ಆರು ನಾನೇ ತೆಗೆದದ್ದು" ಅಂದಳು.

ಇದರಿಂದ ಬ್ರಾಹ್ಮಿ ಯಾರಿಗೂ ಕೆಲಸ ಮಾಡುವುದಿಲ್ಲ ಎಂದು ಸಾಬೀತಾಯಿತಾ? ಇಲ್ಲ. ಒಬ್ಬರ ಮೇಲೆ ಮಾಡಿದ್ದು, ನಡುವೆ ಶ್ರವಣಯಂತ್ರ ಬಂತು, ಕಥೆ ಕಟ್ಟುವ ಅಭ್ಯಾಸ ಬೆಳೆಯಿತು. ಆ ಒಂದು ಎಂಟು ಬ್ರಾಹ್ಮಿಯದ್ದೇ ಇರಬಹುದು, ಅಲ್ಲದೆಯೂ ಇರಬಹುದು. ಹುಡುಗ ಇದನ್ನು ಎರಡೆರಡು ಸಲ ಹೇಳಿಯೇ ಬರೆಯಲು ಬಿಟ್ಟ. ನಿಜವಾದ ಪರೀಕ್ಷೆಗೆ ನೂರಾರು ಜನ ಬೇಕು, ಎಥಿಕ್ಸ್ ಕಮಿಟಿ ಒಪ್ಪಬೇಕು. ನಮ್ಮ ದೇಶದಲ್ಲಿ 2009ರಿಂದ ಔಷಧ ಪರೀಕ್ಷೆಗಳನ್ನು ಶುರು ಮಾಡುವ ಮೊದಲೇ ಸಿಟಿಆರ್‌ಐ ಅನ್ನುವ ಸರ್ಕಾರಿ ದಾಖಲೆಯಲ್ಲಿ ನೋಂದಾಯಿಸಬೇಕು, ಯಾರು ಬೇಕಾದರೂ ಅದನ್ನು ತೆರೆದು ನೋಡಬಹುದು. ನಿಮ್ಮ ಅಪ್ಪ ಅಮ್ಮನನ್ನು ಯಾರಾದರೂ ಮರೆವಿನ ಔಷಧದ ಟ್ರಯಲ್‌ಗೆ ಕರೆದರೆ ಹೆದರಬೇಡಿ, ಕುರುಡಾಗಿ ಒಪ್ಪಲೂ ಬೇಡಿ. ನೋಂದಣಿ ನಂಬರ್ ಕೇಳಿ, ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ, ತೊಂದರೆ ಆದರೆ ಖರ್ಚು ಯಾರದ್ದು ಎಂದು ಕೇಳಿ. ಪರೀಕ್ಷೆಯ ಔಷಧಕ್ಕೆ ನಿಮ್ಮಿಂದಲೇ ದುಡ್ಡು ಕೇಳಿದರೆ ಎದ್ದು ಬನ್ನಿ.

ಕ್ಯಾಪ್ಸೂಲ್‌ನ ತಪ್ಪು ಏನು ಎಂದು ಬಿಡಿಸಿ ಹೇಳುತ್ತೇನೆ, ಬರೀ "ಕೆಲಸ ಮಾಡಲಿಲ್ಲ" ಅಂದರೆ ಅನ್ಯಾಯ ಆದೀತು. ಲೇಬಲ್‌ನಲ್ಲಿ "ಬ್ರಾಹ್ಮಿ ಸತ್ವ 250 ಮಿಲಿಗ್ರಾಂ" ಅಂತ ಇದೆ, ಆದರೆ ಅದರಲ್ಲಿ ಬಾಕೋಸೈಡ್ ಎಷ್ಟು ಎಂದು ಇಲ್ಲ. ಬ್ರಾಹ್ಮಿಯ ಮುಖ್ಯ ಅಂಶ ಅಂತ ಪರೀಕ್ಷೆ ಮಾಡಿದವರು ಅಳೆದು ಕೊಟ್ಟದ್ದು ಅದನ್ನೇ. ಅದು ಗೊತ್ತಿಲ್ಲದಿದ್ದರೆ ಪರೀಕ್ಷೆಯಲ್ಲಿ ಕೊಟ್ಟದ್ದಕ್ಕೂ ನಾವು ನುಂಗಿದ್ದಕ್ಕೂ ಸಂಬಂಧ ಹೇಗೆ ನೋಡುವುದು? ಇನ್ನೊಂದು, ಬಾಟಲಿ ಮೇಲಿನ ಚಿತ್ರ. ದುಂಡಗೆ, ಕಿವಿಯ ಆಕಾರದ ಎಲೆ. ನೋಡಿದ ಕೂಡಲೇ ಅಮ್ಮ "ಇದು ಒಂದೆಲಗ ಅಲ್ವಾ?" ಅಂದಳು. ಹೌದು, ತುಳುವಿನವರು ತಿಮರೆ ಅನ್ನುವುದು, ನಾವು ತಂಬುಳಿ ಚಟ್ನಿ ಮಾಡುವುದು. ನಮ್ಮ ಕಡೆ ಅದಕ್ಕೂ ಬ್ರಾಹ್ಮಿ ಅನ್ನುತ್ತಾರೆ, ಅದೇ ಗೊಂದಲ. ಒಳಗಿನ ಪುಡಿ ಬಾಕೋಪ ಎಂದು ಸಣ್ಣ ಅಕ್ಷರದಲ್ಲಿ ಇದೆ, ಅದು ನೀರು ನಿಂತ ಜಾಗದಲ್ಲಿ ಹರಡುವ, ಸಣ್ಣ ದಪ್ಪ ಎಲೆಯ, ಪುಟ್ಟ ಬಿಳಿ ಹೂವಿನ ಬೇರೆಯೇ ಗಿಡ. ತಾನು ಮಾರುವ ಗಿಡದ ಚಿತ್ರವನ್ನೇ ಸರಿಯಾಗಿ ಹಾಕದವರನ್ನು ನಾನು ಹೇಗೆ ನಂಬಲಿ? ಜೊತೆಗೆ ಸಿಕ್ಕ ಚೀಟಿಯಲ್ಲಿ ಪಾರ್ಶ್ವವಾಯುವಿನ ನಂತರದ ಮರೆವು, ಆಲ್ಜೈಮರ್ ಎಲ್ಲ ಗುಣ ಆಗುತ್ತದೆ ಎಂದಿದೆ. ಮಿದುಳಿನ ಕಾಯಿಲೆ ಗುಣ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆ ತಡೆಯುತ್ತದೆ. ಅದು ಇಷ್ಟು ವರ್ಷದಿಂದ ಇದ್ದೂ ಆ ಚೀಟಿ ಬಾಟಲಿಯ ಜೊತೆ ಬರುತ್ತಿದೆ. ನನಗೆ ಸಿಟ್ಟು ಬಂದದ್ದು ಇದಕ್ಕೆ. ಹೆದರಿದ ಮನೆಯವರೇ ಇದನ್ನು ಓದುವುದು.

ಹಾಗಾದರೆ 2 ಅಂಕ ಯಾಕೆ ಕೊಟ್ಟೆ? ಬ್ರಾಹ್ಮಿಯ ಹಿಂದೆ ಒಂದಿಷ್ಟಾದರೂ ಮನುಷ್ಯರ ಪರೀಕ್ಷೆ ಉಂಟು, ಮತ್ತೆ ಅಂಗಡಿಯವರು ಸುಳ್ಳು ಒತ್ತಾಯ ಮಾಡಲಿಲ್ಲ. ಅದೇ ಕಪಾಟಿನ ಗಿಂಕ್ಗೊ ಅನ್ನುವ ಗಿಡಮೂಲಿಕೆ ಮಾತ್ರೆಗೆ ಅಷ್ಟು ಭರವಸೆಯೂ ಇಲ್ಲ. 3069 ಹಿರಿಯರ ಮೇಲೆ ಆರು ವರ್ಷದ ಆಸುಪಾಸು ಪರೀಕ್ಷೆ ಮಾಡಿ, ಡಿಮೆನ್ಶಿಯಾ ತಡೆಯುವುದಿಲ್ಲ ಎಂದು 2008ರಲ್ಲೇ ಗೊತ್ತಾಗಿದೆ. ಬಹರೈನ್‌ನಲ್ಲಿರುವ ಅಣ್ಣ ವಾಟ್ಸಾಪ್‌ನಲ್ಲಿ ಹೊಸ ಇಂಜೆಕ್ಷನ್ ಬಗ್ಗೆ ಕಳಿಸಿದ್ದ, ಲೆಕಾನೆಮಾಬ್. ಅದು ಶುರುವಿನ ಹಂತದ ಆಲ್ಜೈಮರ್ ಎಂದು ಖಚಿತ ಆದವರಿಗೆ. 1795 ಜನರ ಪರೀಕ್ಷೆಯಲ್ಲಿ 18 ತಿಂಗಳಲ್ಲಿ ಕಾಯಿಲೆ ಮುಂದುವರಿಯುವುದು 27 ಶೇಕಡಾ ನಿಧಾನ ಆಯಿತು, 18 ಅಂಕದ ಅಳತೆಯಲ್ಲಿ ಅರ್ಧ ಅಂಕಕ್ಕಿಂತ ಕಡಿಮೆ ವ್ಯತ್ಯಾಸ. ಕೆಲವರ ಮಿದುಳಿನಲ್ಲಿ ಊತ, ರಕ್ತ ಒಸರುವುದು ಆಗುತ್ತದೆ, ಅದಕ್ಕೆ ಮತ್ತೆ ಮತ್ತೆ ಎಂಆರ್‌ಐ ಬೇಕು. ಅಮ್ಮನಿಗೆ ಅದು ಬೇಡ ಎಂದು ಡಾಕ್ಟರ್ ಹೇಳಿದ ಮೇಲೆ ಅಣ್ಣನೂ ಸಮಾಧಾನ ಆದ.

ಮೂರು ಬಾಟಲಿಗೆ 1260 ರೂಪಾಯಿ ಆಯಿತು, 12 ಕ್ಯಾಪ್ಸೂಲ್ ಉಳಿದಿವೆ, ಹಾಗೇ ಇವೆ. ಒಂದೆಲಗದ ತಂಬುಳಿ ವಾರಕ್ಕೊಮ್ಮೆ ಮೊದಲಿನ ಹಾಗೇ ನಡೆದಿದೆ, ಔಷಧ ಅಂತಲ್ಲ, ಅಮ್ಮನಿಗೆ ಇಷ್ಟ ಅಂತ. ಭಾನುವಾರದ ಹತ್ತು ಶಬ್ದವನ್ನು ಅವಳೇ ಬಿಡಲು ಒಪ್ಪಲಿಲ್ಲ. ಈಗ ಅವಳೇ ಪಟ್ಟಿ ಬರೆದು ನಮ್ಮನ್ನೂ ಕೂರಿಸುತ್ತಾಳೆ. ಜೂನ್‌ನಲ್ಲಿ ಮತ್ತೆ ಮೋಕಾ ಪರೀಕ್ಷೆ ಉಂಟು. ಶ್ರವಣಯಂತ್ರ ಹಾಕಿಕೊಂಡೇ ಕೂರಿಸಿ ಎಂದು ಡಾಕ್ಟರ್‌ಗೆ ಮೊದಲೇ ಹೇಳಿದ್ದೇನೆ, ಏನು ಬಂತು ಎಂದು ಇದೇ ಬರಹದ ಕೆಳಗೆ ಹಾಕುತ್ತೇನೆ.